'ಬೇಡುತ್ತೇನೆ' ಮತ್ತು 'ಆಜ್ಞಾಪಿಸುತ್ತೇನೆ': ಕ್ರೈಸ್ತ ವಿಶ್ವಾಸಿಗೆ ಇರುವ ಅಧಿಕಾರ ಎಂಥದ್ದು?

2024ರ ಫೆಬ್ರವರಿ 26ರಂದು ಅಸ್ಸಾಂ ವಿಧಾನಸಭೆ ಒಂದು ಮಸೂದೆಯನ್ನು ಪಾಸು ಮಾಡಿತು. ರೋಗ ವಾಸಿಮಾಡುತ್ತೇವೆ ಎಂದು ಹೇಳಿ ಜನರನ್ನು ಸುಲಿಯುವ 'ಮಾಂತ್ರಿಕ ಚಿಕಿತ್ಸೆ'ಯನ್ನು ತಡೆಯುವುದು ಅದರ ಗುರಿ ಎಂದು ಸರ್ಕಾರ ಹೇಳಿತು. ಮೊದಲ ಸಲದ ತಪ್ಪಿಗೆ ಒಂದರಿಂದ ಮೂರು ವರ್ಷ ಜೈಲು, 50 ಸಾವಿರ ರೂಪಾಯಿವರೆಗೆ ದಂಡ. ಕ್ರೈಸ್ತ ಮತಪ್ರಚಾರಕ್ಕೆ ಕಡಿವಾಣ ಹಾಕಲು ಇದು ದೊಡ್ಡ ಹೆಜ್ಜೆ ಎಂದು ಮುಖ್ಯಮಂತ್ರಿ ಹಿಮಂತ ಬಿಸ್ವ ಶರ್ಮಾ ಮುಚ್ಚುಮರೆಯಿಲ್ಲದೆ ಹೇಳಿದರು. ಅಸ್ಸಾಂ ಕ್ರಿಶ್ಚಿಯನ್ ಫೋರಂ ಇದಕ್ಕೆ ಆಕ್ಷೇಪ ಎತ್ತಿತು. ರೋಗಿಗಾಗಿ ಪ್ರಾರ್ಥಿಸುವುದು ಎಲ್ಲ ಧರ್ಮಗಳಲ್ಲೂ ಇದೆ, ಅದಕ್ಕೆ ಮಾಂತ್ರಿಕ ಎಂಬ ಹೆಸರು ಕೊಡುವುದು ಸರಿಯಲ್ಲ ಎಂಬುದು ಅವರ ವಾದ.

ಸುದ್ದಿ ಓದಿದವರಿಗೆ ಗೊಂದಲವಾಗುವುದು ಇಲ್ಲೇ. ಒಂದು ಕಡೆಯವರು ಪ್ರಾರ್ಥನೆ ಅಂದಾಗ ಕಣ್ಣಮುಂದೆ ಬರುವುದು ಆಸ್ಪತ್ರೆಯ ಹಾಸಿಗೆ ಪಕ್ಕ ಮೊಣಕಾಲೂರಿದ ಒಂದು ಕುಟುಂಬ. ಇನ್ನೊಂದು ಕಡೆಯವರ ಕಣ್ಣಮುಂದೆ ಇರುವುದು ವೇದಿಕೆ, ಮೈಕು, ನೆಲಕ್ಕೆ ಬೀಳುತ್ತಿರುವ ಜನ. ಎರಡೂ ನಡೆಯುತ್ತವೆ, ಎರಡೂ ಕ್ರೈಸ್ತರಲ್ಲೇ ನಡೆಯುತ್ತವೆ. ಆದರೆ ಎರಡರ ಹಿಂದೆ ಇರುವ ಬೋಧನೆ ಒಂದೇ ಅಲ್ಲ. ಅದನ್ನು ಬಿಡಿಸಿ ನೋಡದೆ ಕಾನೂನು ಸರಿಯೋ ತಪ್ಪೋ ಎಂದು ವಾದಿಸಿದರೆ ಎರಡೂ ಕಡೆಯವರು ಗಾಳಿಗೆ ಗುದ್ದಿದ ಹಾಗೆ.

ಒಂದು ಕ್ರಿಯಾಪದದ ವ್ಯತ್ಯಾಸ

ಕನ್ನಡದ ಯಾವುದೇ ಹಳೆಯ ಚರ್ಚಿನ ಪ್ರಾರ್ಥನೆ ಕೇಳಿ. 'ಕರ್ತನೇ, ಈ ನಿನ್ನ ಮಗಳನ್ನು ಕಟಾಕ್ಷಿಸಬೇಕೆಂದು ಬೇಡಿಕೊಳ್ಳುತ್ತೇವೆ' ಎಂಬ ಧಾಟಿ ಅಲ್ಲಿ ಸಿಗುತ್ತದೆ. ಮಾತು ದೇವರ ಕಡೆಗೆ ಹೋಗುತ್ತದೆ. ಉತ್ತರ ಅವನಿಗೆ ಬಿಟ್ಟದ್ದು.

ಈಗ ಉಜ್ಜೀವನ ಕೂಟಗಳ, ಅಂದರೆ ವಿಶ್ವಾಸಕ್ಕೆ ಹೊಸ ಹುರುಪು ತುಂಬಲು ನಡೆಸುವ ಸಭೆಗಳ, ಪ್ರಾರ್ಥನೆ ಕೇಳಿ. 'ಯೇಸುವಿನ ನಾಮದಲ್ಲಿ ಈ ರೋಗವನ್ನು ಗದರಿಸುತ್ತೇನೆ, ಕಟ್ಟುತ್ತೇನೆ, ಬಿಟ್ಟು ಹೋಗೆಂದು ಆಜ್ಞಾಪಿಸುತ್ತೇನೆ.' ಇಲ್ಲಿ ಮಾತು ದೇವರ ಕಡೆಗೆ ಹೋಗುತ್ತಿಲ್ಲ. ನೇರವಾಗಿ ರೋಗಕ್ಕೆ, ದುರಾತ್ಮಕ್ಕೆ, ಸಾಲಕ್ಕೆ ಕೂಡ ಹೋಗುತ್ತದೆ. ಬೇಡುವವನು ಈಗ ಹುಕುಂ ಕೊಡುವವನಾಗಿದ್ದಾನೆ.

ಇದಕ್ಕೆ ಇಡೀ ಜಗತ್ತು ನೋಡಿದ ಉದಾಹರಣೆ 2020ರದ್ದು. ಕೋವಿಡ್ ಹಬ್ಬುತ್ತಿದ್ದ ಮಾರ್ಚ್ ಕೊನೆಯಲ್ಲಿ ಅಮೆರಿಕದ ಟೆಕ್ಸಸ್‌ನ ಟಿವಿ ಬೋಧಕ ಕೆನೆತ್ ಕೋಪ್‌ಲ್ಯಾಂಡ್ ಕ್ಯಾಮೆರಾ ಮುಂದೆ ನಿಂತು ವೈರಸ್‌ಗೆ ತೀರ್ಪು ವಿಧಿಸಿದರು. ಕೆಲವು ದಿನ ಬಿಟ್ಟು ದೇವರ ಗಾಳಿ ಎಂದು ಹೇಳಿ ಬಾಯಿಂದ ಊದಿದರು. ಬಹಳ ಜನ ನಕ್ಕರು. ಆದರೆ ಕೋಪ್‌ಲ್ಯಾಂಡ್ ಸುಮ್ನೆ ಹಾಗೆ ಮಾಡಲಿಲ್ಲ. ಅದರ ಹಿಂದೆ ನೂರು ವರ್ಷದಷ್ಟು ಹಳೆಯದಾದ ಒಂದು ತರ್ಕ ಇದೆ. ಆ ತರ್ಕ ಶುರುವಾಗುವುದು ಬೈಬಲ್‌ನ ಮೊದಲ ಪುಟದಿಂದ.

ಸಿರಿಯಾದ ಹೊಲದಲ್ಲಿ ಸಿಕ್ಕ ಪ್ರತಿಮೆ

ಆದಿಕಾಂಡ ಒಂದನೇ ಅಧ್ಯಾಯದಲ್ಲಿ ದೇವರು ಮನುಷ್ಯರನ್ನು ತನ್ನ 'ಸ್ವರೂಪದಲ್ಲಿ', ತನ್ನ 'ಹೋಲಿಕೆಗೆ ಸರಿಯಾಗಿ' ಉಂಟುಮಾಡುತ್ತಾನೆ. ಮೀನು, ಹಕ್ಕಿ, ಪಶುಗಳ ಮೇಲೆ ಅವರು 'ದೊರೆತನ' ಮಾಡಲಿ ಎನ್ನುತ್ತಾನೆ. ಕನ್ನಡ ಸತ್ಯವೇದ ಓದುವವರಿಗೆ ಈ ಮೂರು ಮಾತು ಬಾಯಿಪಾಠ.

ಸ್ವರೂಪ ಅಂದರೆ ಏನು? ಇದರ ಬಗ್ಗೆ ಚರ್ಚು ಸಾವಿರಾರು ವರ್ಷ ತಲೆ ಕೆಡಿಸಿಕೊಂಡಿದೆ. ಎರಡನೇ ಶತಮಾನದ ಐರೇನಿಯಸ್ ಸ್ವರೂಪ ಬೇರೆ, ಹೋಲಿಕೆ ಬೇರೆ ಎಂದ. ಅಗಸ್ಟಿನ್, ಅಕ್ವೈನಸ್ ಅದನ್ನು ಮನುಷ್ಯನ ಬುದ್ಧಿಯಲ್ಲಿ ಕಂಡರು. 20ನೇ ಶತಮಾನದ ಕಾರ್ಲ್ ಬಾರ್ತ್ ಸಂಬಂಧದಲ್ಲಿ ಕಂಡ. ಇವೆಲ್ಲ ಇರಲಿ. ಒಂದು ಕಲ್ಲು ಇವರೆಲ್ಲರಿಗಿಂತ ಜಾಸ್ತಿ ಹೇಳುತ್ತದೆ.

1979ರಲ್ಲಿ ಸಿರಿಯಾದ ಈಶಾನ್ಯ ಭಾಗದ ತೆಲ್ ಫೆಖೆರಿಯೆ ಎಂಬಲ್ಲಿ ಕಪ್ಪು ಕಲ್ಲಿನ, ಆಳೆತ್ತರದ ಪ್ರತಿಮೆಯೊಂದು ಸಿಕ್ಕಿತು. ಕ್ರಿ.ಪೂ. 9ನೇ ಶತಮಾನದ್ದು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಗೂಜಾನಾ ಎಂಬ ಊರನ್ನು ಆಳುತ್ತಿದ್ದವನೊಬ್ಬ ಕೈ ಜೋಡಿಸಿ ನಿಂತಿದ್ದಾನೆ. ಅವನ ನಿಲುವಂಗಿಯ ಮೇಲೆ ಎರಡು ಭಾಷೆಯ ಬರಹ ಇದೆ. ಒಂದು ಅಸ್ಸೀರಿಯಾದ್ದು, ಇನ್ನೊಂದು ಅರಾಮಿಕ್. ಅರಾಮಿಕ್ ಬರಹ ಆ ಪ್ರತಿಮೆಯನ್ನು ಕರೆಯುವುದು ಎರಡು ಪದಗಳಿಂದ. ಆ ಎರಡೂ ಆದಿಕಾಂಡದ ಹೀಬ್ರೂವಿನಲ್ಲಿ 'ಸ್ವರೂಪ', 'ಹೋಲಿಕೆ' ಎಂಬಲ್ಲಿ ಬರುವ ಪದಗಳ ಅಕ್ಕತಂಗಿಯರು.

ಅಂದರೆ ಆ ಕಾಲದ ಕಿವಿಗೆ 'ಸ್ವರೂಪ' ಎಂದರೆ ಮೊದಲು ಕೇಳಿಸುತ್ತಿದ್ದದ್ದು ಪ್ರತಿಮೆ. ಯಾರದೋ ಪರವಾಗಿ ಒಂದು ಜಾಗದಲ್ಲಿ ನಿಲ್ಲುವ ವಸ್ತು. ಅಸ್ಸೀರಿಯಾದಲ್ಲೂ ಈಜಿಪ್ಟಿನಲ್ಲೂ ರಾಜನನ್ನು ದೇವರ ಸ್ವರೂಪ ಎಂದು ಕರೆಯುತ್ತಿದ್ದರು. ಹೆಚ್ಚಾಗಿ ರಾಜನಿಗೇ ಆ ಹೆಸರು. ಗದ್ದೆ ಉಳುವವನಿಗಲ್ಲ, ಹೆಂಗಸಿಗಲ್ಲ, ಆಳಿಗಲ್ಲ. ಆದಿಕಾಂಡ ಆ ಬಿರುದನ್ನು ಸಿಂಹಾಸನದಿಂದ ಇಳಿಸಿ ಎಲ್ಲ ಮನುಷ್ಯರಿಗೂ ಕೊಟ್ಟುಬಿಡುತ್ತದೆ, 'ಗಂಡು ಹೆಣ್ಣಾಗಿ' ಎಂದು ಬಿಡಿಸಿ ಹೇಳುತ್ತದೆ. ಇಷ್ಟು ದೊಡ್ಡ ಮಾತನ್ನು ಇಷ್ಟು ಸಲೀಸಾಗಿ ಹೇಳಿದ ಹಳೆಯ ಪಠ್ಯ ಅಪರೂಪ.

ಆ ಪ್ರತಿಮೆಯಲ್ಲಿ ಇನ್ನೊಂದು ವಿಷಯ ಇದೆ. ಅರಾಮಿಕ್ ಬರಹದಲ್ಲಿ ಅವನು 'ರಾಜ'. ಅಸ್ಸೀರಿಯಾದ ಬರಹದಲ್ಲಿ ಅದೇ ಮನುಷ್ಯ ಬರೀ ಪ್ರಾಂತ್ಯಾಧಿಕಾರಿ. ಊರಿನವರಿಗೆ ದೊರೆ, ಚಕ್ರವರ್ತಿಯ ಮುಂದೆ ನೇಮಕಗೊಂಡ ಅಧಿಕಾರಿ. ವಿಶ್ವಾಸಿಯ ಅಧಿಕಾರದ ಇಡೀ ಜಗಳ ಈ ಎರಡು ಸಾಲಿನ ನಡುವೆ ಇದೆ. ಎರಡನ್ನೂ ಒಟ್ಟಿಗೆ ಓದಬೇಕೋ, ಒಂದನ್ನೇ ಓದಿದರೆ ಸಾಕೋ?

ಕೈ ಬದಲಾದ ಗುತ್ತಿಗೆಯ ಕಥೆ

ಆಜ್ಞಾಪಿಸುವ ಬೋಧನೆಯ ತರ್ಕ ಹೀಗೆ ಸಾಗುತ್ತದೆ. ದೇವರು ಭೂಮಿಯ ಮೇಲಿನ ದೊರೆತನವನ್ನು ಆದಾಮನಿಗೆ ಗುತ್ತಿಗೆ ಕೊಟ್ಟ ಹಾಗೆ ಕೊಟ್ಟ. ಆದಾಮ ಪಾಪ ಮಾಡಿ ಅದನ್ನು ಸೈತಾನನ ಕೈಗೆ ದಾಟಿಸಿದ. ಅಲ್ಲಿಂದ ರೋಗ, ಬಡತನ, ಸಾವು ಬಂದವು. ಯೇಸು ಶಿಲುಬೆಯಲ್ಲಿ ಅದನ್ನು ಗೆದ್ದು ವಾಪಸು ತಂದ. ಪರಲೋಕಕ್ಕೆ ಹೋಗುವಾಗ ವಿಶ್ವಾಸಿಗಳ ಕೈಗೆ ಕೊಟ್ಟ. ಹಾಗಾದರೆ ಈಗ ರೋಗ ಓಡಿಸು ಎಂದು ದೇವರನ್ನು ಬೇಡುವುದೇ ತಪ್ಪು. ಅಧಿಕಾರ ನಿನ್ನ ಕೈಯಲ್ಲೇ ಇದೆ, ಬಾಯಿ ಬಿಟ್ಟು ಹೇಳು, ಅಷ್ಟೇ.

ಇದಕ್ಕೆ ವಚನಗಳ ಆಧಾರವೂ ಇದೆ. ಹಾವು ಚೇಳುಗಳನ್ನು ತುಳಿಯುವ ಅಧಿಕಾರ ಕೊಟ್ಟಿದ್ದೇನೆ ಎಂದು ಯೇಸು ಶಿಷ್ಯರಿಗೆ ಹೇಳುವುದು ಲೂಕನ 10ನೇ ಅಧ್ಯಾಯದಲ್ಲಿದೆ. ಬೆಟ್ಟಕ್ಕೆ ಕಿತ್ತುಕೊಂಡು ಸಮುದ್ರದಲ್ಲಿ ಬೀಳು ಎಂದು ಹೇಳುವ ಮಾತು ಮಾರ್ಕನ 11ರಲ್ಲಿದೆ. ಕ್ರಿಸ್ತನ ಜೊತೆ ವಿಶ್ವಾಸಿಗಳೂ ಪರಲೋಕದಲ್ಲಿ ಕೂತಿದ್ದಾರೆ ಎಂಬುದು ಎಫೆಸದವರಿಗೆ ಬರೆದ ಪತ್ರದಲ್ಲಿದೆ.

ಅಮೆರಿಕದಲ್ಲಿ ಇ. ಡಬ್ಲ್ಯೂ. ಕೆನ್ಯನ್ (1867–1948) ಇಂಥ ವಿಚಾರಗಳನ್ನು ಮೊದಲು ಹೆಣೆದ. 1930ರ ದಶಕದಲ್ಲಿ ಜಾನ್ ಮ್ಯಾಕ್‌ಮಿಲನ್ ಎಂಬ ಮಿಷನರಿ ವಿಶ್ವಾಸಿಯ ಅಧಿಕಾರದ ಬಗ್ಗೆ ಲೇಖನಗಳನ್ನು ಬರೆದ. ಆಮೇಲೆ ಕೆನೆತ್ ಹೇಗಿನ್ (1917–2003) ಅದನ್ನು ಮನೆಮನೆಗೆ ಮುಟ್ಟಿಸಿದ. ಅವನು 1974ರಲ್ಲಿ ಒಕ್ಲಹೋಮಾದಲ್ಲಿ ಶುರುಮಾಡಿದ ತರಬೇತಿ ಶಾಲೆಯಿಂದ ಈ ಬೋಧನೆ ದೇಶದೇಶಕ್ಕೆ ಹೋಯಿತು.

ಇವರು ಬಳಸಿದ ಹೋಲಿಕೆ ಟ್ರಾಫಿಕ್ ಪೊಲೀಸಿನದು. ಅವನು ಕೈ ಎತ್ತಿದರೆ ಲಾರಿ ನಿಲ್ಲುತ್ತದೆ. ಲಾರಿಯನ್ನು ತಡೆಯುವಷ್ಟು ಬಲ ಅವನ ಕೈಯಲ್ಲಿಲ್ಲ. ಅವನ ಹಿಂದೆ ಸರ್ಕಾರ ಇದೆ. ಗ್ರೀಕಿನಲ್ಲಿ ಬಲಕ್ಕೆ 'ದುನಾಮಿಸ್', ಅಧಿಕಾರಕ್ಕೆ 'ಎಕ್ಸೂಸಿಯ'. ಈ ವ್ಯತ್ಯಾಸ ನಿಜವಾದದ್ದೇ, ಹೋಲಿಕೆಯೂ ಒಳ್ಳೆಯದೇ. ಆದರೆ ಅದನ್ನು ಪೂರ್ತಿ ಬಳಸಬೇಕು. ಟ್ರಾಫಿಕ್ ಪೊಲೀಸ್ ತನಗೆ ಹಾಕಿದ ಸರ್ಕಲ್‌ನಲ್ಲಿ, ತನ್ನ ಡ್ಯೂಟಿ ಹೊತ್ತಿನಲ್ಲಿ, ಬರೆದಿಟ್ಟ ನಿಯಮದ ಪ್ರಕಾರ ಕೈ ಎತ್ತುತ್ತಾನೆ. ತನಗೆ ಬೇಕಾದ ಲಾರಿಯನ್ನು ಮನೆಗೆ ತಿರುಗಿಸಿಕೊಳ್ಳುವ ಅಧಿಕಾರ ಅವನಿಗಿಲ್ಲ, ಅಲ್ವಾ?

ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋದವರೂ ಇದ್ದಾರೆ. ದೇವರ ಸ್ವರೂಪದಲ್ಲಿ ಹುಟ್ಟಿದವನು ದೇವರ ಜಾತಿಯವನೇ, ನಾವು ಚಿಕ್ಕ ದೇವರುಗಳು ಎಂದು 1980ರ ದಶಕದ ಅಮೆರಿಕದ ಟಿವಿಯಲ್ಲಿ ಬೋಧಿಸಿದರು. 'ನೀವು ದೇವರುಗಳು' ಎಂಬ 82ನೇ ಕೀರ್ತನೆಯ ಸಾಲನ್ನು ಎತ್ತಿ ತೋರಿಸಿದರು. ಆ ಕೀರ್ತನೆ ಓದಿದವರಿಗೆ ಗೊತ್ತು. ಅಲ್ಲಿ ದೇವರುಗಳು ಎನಿಸಿಕೊಂಡವರು ಬಡವರಿಗೆ, ಅನಾಥರಿಗೆ ನ್ಯಾಯ ಕೊಡದೆ ಕೂತವರು. ಮುಂದಿನ ಸಾಲಿನಲ್ಲೇ ಅವರಿಗೆ ಸಾವಿನ ಶಿಕ್ಷೆ ಕಾದಿದೆ.

ಪೂರ್ವದ ಆರ್ಥೊಡಾಕ್ಸ್ ಚರ್ಚು ಕೂಡ ಮನುಷ್ಯ ದೈವತ್ವದಲ್ಲಿ ಪಾಲು ಪಡೆಯುತ್ತಾನೆ ಎಂದು ನಾಲ್ಕನೇ ಶತಮಾನದ ಅಥನೇಸಿಯಸ್‌ನ ಕಾಲದಿಂದ ಹೇಳುತ್ತಾ ಬಂದಿದೆ. ಅವರು ಹೇಳುವ ಪಾಲು ಉಪವಾಸ, ಕಣ್ಣೀರು, ಪ್ರೀತಿಯಿಂದ ಬರುವ ಹೋಲಿಕೆ. ಬಾಯಿಮಾತಿನಿಂದ ಕಾರು ಬಂಗಲೆ ತರಿಸುವ ಶಕ್ತಿ ಅಲ್ಲ. ಎರಡನ್ನೂ ಕಲಸಬಾರದು.

ಒಪ್ಪದವರು ಒಳಗಿನವರೇ

ಪವಿತ್ರಾತ್ಮನ ವರಗಳಿಗೆ, ರೋಗ ವಾಸಿಯಾಗುವುದಕ್ಕೆ ಒತ್ತು ಕೊಡುವ ಕ್ರೈಸ್ತರು ಪೆಂತೆಕೊಸ್ತರು. ಹೊರಗಿನಿಂದ ನೋಡುವವರು ಅವರೆಲ್ಲ ಹೀಗೇ ಎಂದುಕೊಳ್ಳುತ್ತಾರೆ. ಅದು ತಪ್ಪು. ಪೆಂತೆಕೊಸ್ತ ಸಭೆಗಳಲ್ಲೇ ಬಹಳ ದೊಡ್ಡದಾದ ಅಸೆಂಬ್ಲೀಸ್ ಆಫ್ ಗಾಡ್ 1980ರಲ್ಲೇ ಇದರ ವಿರುದ್ಧ ಅಧಿಕೃತ ಹೇಳಿಕೆ ಕೊಟ್ಟಿತು. ದೇವರ ಚಿತ್ತವನ್ನು ಬದಿಗಿಟ್ಟು ಬರೀ ಬಾಯಿಮಾತಿಗೆ ಬೆಲೆ ಕೊಡುವುದು ಸರಿಯಲ್ಲ ಎಂದಿತು. ಲೌಸಾನ್ ಎಂಬ ಜಾಗತಿಕ ಸುವಾರ್ತಾ ಚಳವಳಿಯ ಆಫ್ರಿಕಾದ ದೇವಶಾಸ್ತ್ರಜ್ಞರ ತಂಡ 2008 ಮತ್ತು 2009ರಲ್ಲಿ ಘಾನಾದ ಅಕ್ರೊಪೊಂಗ್‌ನಲ್ಲಿ ಸೇರಿತು. ಬಡತನ, ರೋಗ, ಬೇಗ ಬರುವ ಸಾವು ಇವೆಲ್ಲ ಯಾವಾಗಲೂ ವಿಶ್ವಾಸದ ಕೊರತೆಯ ಗುರುತು ಎನ್ನುವುದನ್ನು ತಿರಸ್ಕರಿಸಿತು.

ಕಥೋಲಿಕರ ದಾರಿ ಬೇರೆ. ದೆವ್ವ ಬಿಡಿಸುವ ವಿಧಿಯನ್ನು ಬಿಷಪ್ಪರ ಅನುಮತಿ ಇಲ್ಲದೆ ಯಾವ ಪಾದ್ರಿಯೂ ಮಾಡುವಂತಿಲ್ಲ ಎಂದು ಅವರ ಕಾನೂನಿನ 1172ನೇ ನಿಯಮ ಹೇಳುತ್ತದೆ. ಗುಣವಾಗಲು ಪ್ರಾರ್ಥಿಸುವ ಕೂಟಗಳಲ್ಲಿ ಉನ್ಮಾದ, ನಾಟಕೀಯತೆ ಬೇಡ ಎಂದು 2000ರಲ್ಲಿ ವ್ಯಾಟಿಕನ್ ಸೂಚನೆ ಹೊರಡಿಸಿತು. ಇನ್ನು ಕ್ಯಾಲ್ವಿನ್‌ನ ದಾರಿಯಲ್ಲಿ ನಡೆಯುವ ಸುಧಾರಿತ ಪಂಥದ ಪ್ರೊಟೆಸ್ಟಂಟರಲ್ಲಿ ಹಲವರಂತೂ ಇಂಥ ಅದ್ಭುತಗಳ ವರ ಅಪೊಸ್ತಲರ ಕಾಲಕ್ಕೇ ಮುಗಿಯಿತು ಎನ್ನುತ್ತಾರೆ.

ಇವರೆಲ್ಲ ತೋರಿಸುವ ವಚನಗಳು ಆಜ್ಞೆಯ ಬೋಧಕರು ಹೆಚ್ಚು ಓದದ ವಚನಗಳು. ಅಧಿಕಾರ ಕೊಟ್ಟ ಅದೇ ಲೂಕ 10ರ ಮುಂದಿನ ಸಾಲಿನಲ್ಲಿ, ದೆವ್ವಗಳು ನಿಮಗೆ ಅಧೀನವಾದವೆಂದು ಸಂತೋಷಪಡಬೇಡಿ ಎಂದು ಯೇಸು ಹೇಳುತ್ತಾನೆ. ಅಪೊಸ್ತಲ ಪೌಲ ತನ್ನ 'ಶರೀರದ ಮುಳ್ಳನ್ನು', ಅಂದರೆ ತನ್ನನ್ನು ಕಾಡುತ್ತಿದ್ದ ಒಂದು ನೋವನ್ನು, ತೆಗೆಯೆಂದು ಮೂರು ಸಲ ಬೇಡುತ್ತಾನೆ. ಆಜ್ಞಾಪಿಸುವುದಿಲ್ಲ, ಬೇಡುತ್ತಾನೆ. ಸಿಗುವ ಉತ್ತರ 'ನನ್ನ ಕೃಪೆಯೇ ನಿನಗೆ ಸಾಕು'. ಎಫೆಸದಲ್ಲಿ ಸ್ಕೇವನ ಏಳು ಮಕ್ಕಳು ಯೇಸುವಿನ ಹೆಸರನ್ನು ಮಂತ್ರದ ಹಾಗೆ ಬಳಸಲು ಹೋಗಿ ಬಟ್ಟೆ ಹರಿದುಕೊಂಡು, ಗಾಯವಾಗಿ ಓಡಿಬರುತ್ತಾರೆ. ಹೆಸರೇ ಶಕ್ತಿ ಆಗಿದ್ದರೆ ಅದು ಮಂತ್ರ. ಅಸ್ಸಾಂ ಮಸೂದೆಯ ಸುತ್ತ ಎದ್ದ ಪ್ರಶ್ನೆ ಬೈಬಲ್ ಒಳಗೇ ಎರಡು ಸಾವಿರ ವರ್ಷದ ಹಿಂದೆ ಎದ್ದಿತ್ತು.

ಬಾಸೆಲ್‌ನ ಮೇಷ್ಟ್ರು ಕಂಡದ್ದು

ಕನ್ನಡನಾಡಿಗೆ ಹತ್ತಿರದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಯೋಹಾನ್ ಕ್ರಿಸ್ಟೋಫ್ ಬ್ಲುಮ್‌ಹಾರ್ಟ್ 1830ರಿಂದ 1837ರವರೆಗೆ ಬಾಸೆಲ್ ಮಿಷನ್ನಿನಲ್ಲಿ ಪಾಠ ಹೇಳಿದವನು. 1834ರಲ್ಲಿ ಮಂಗಳೂರಿಗೆ ಮಿಷನರಿಗಳನ್ನು ಕಳಿಸಿದ್ದು ಇದೇ ಸಂಸ್ಥೆ. ಆಮೇಲೆ ಅವನು ಜರ್ಮನಿಯ ಮೋಟ್ಲಿಂಗೆನ್ ಎಂಬ ಹಳ್ಳಿಗೆ ಪಾದ್ರಿಯಾಗಿ ಹೋದ. ಅಲ್ಲಿ ಒಬ್ಬ ಯುವತಿ ದೆವ್ವ ಮೆಟ್ಟಿದವಳಂತೆ ನರಳುತ್ತಿದ್ದಳು.

ಬ್ಲುಮ್‌ಹಾರ್ಟ್ ವೇದಿಕೆ ಕಟ್ಟಲಿಲ್ಲ. ಮೊದಮೊದಲು ಹತ್ತಿರ ಹೋಗಲೇ ಹಿಂಜರಿದ. ಆಮೇಲೆ ಪ್ರಾರ್ಥನೆ ಮತ್ತು ವಚನ, ಇಷ್ಟರಿಂದಲೇ ಸುಮಾರು ಎರಡು ವರ್ಷ ಅವಳ ಜೊತೆ ನಿಂತ. 1843ರ ಕೊನೆಯಲ್ಲಿ ಅವಳು ಗುಣವಾದಳು. 'ಯೇಸುವೇ ಜಯಶಾಲಿ' ಎಂಬ ಮಾತು ಅಲ್ಲಿಂದ ಹೆಸರಾಯಿತು. ಜನ ದಂಡುಗಟ್ಟಿ ಬಂದಾಗ ಚರ್ಚಿನ ಮೇಲಧಿಕಾರಿಗಳು ವರದಿ ಕೇಳಿದರು, ಮಿತಿ ಹಾಕಿದರು. ಅವನು ವರದಿ ಬರೆದುಕೊಟ್ಟ.

ಅವಳು ಗುಣವಾದದ್ದನ್ನು ಹೇಗಾದರೂ ವಿವರಿಸಿಕೊಳ್ಳಿ. ನೋಡಬೇಕಾದ್ದು ಅಧಿಕಾರ ಇಲ್ಲಿ ಯಾವ ರೂಪದಲ್ಲಿತ್ತು ಎಂಬುದನ್ನು. ಎರಡು ವರ್ಷ ಒಂದು ಮನೆಯ ಮೆಟ್ಟಿಲು ಹತ್ತಿ ಇಳಿಯುವ ತಾಳ್ಮೆ ಅದರಲ್ಲಿತ್ತು. ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡುವ ಹೊಣೆ ಇತ್ತು.

ಇಷ್ಟೊಂದು ಸೆಳೆತ ಯಾಕೆ?

ಈ ಬೋಧನೆಗೆ ಜನ ಮರುಳಾಗುತ್ತಾರೆ ಎಂದು ಬೈದು ಸುಮ್ಮನಾದರೆ ಏನೂ ಅರ್ಥವಾಗುವುದಿಲ್ಲ. ತಲೆಮಾರುಗಳಿಂದ 'ನಿನಗೆ ಇಲ್ಲಿ ಮಾತಾಡುವ ಹಕ್ಕಿಲ್ಲ' ಎಂದು ಕೇಳಿಸಿಕೊಂಡವಳಿಗೆ ಯಾರೋ ಬಂದು 'ನೀನು ದೇವರ ಸ್ವರೂಪ, ನಿನ್ನ ಬಾಯಲ್ಲಿ ಅಧಿಕಾರ ಇದೆ' ಎಂದರೆ ಅವಳ ಬೆನ್ನು ನೆಟ್ಟಗಾಗುತ್ತದೆ. ಆ ನೆಟ್ಟಗಾದ ಬೆನ್ನು ಸುಳ್ಳಲ್ಲ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣ ದಲಿತ ದೇವಶಾಸ್ತ್ರಕ್ಕೆ ದಾರಿ ತೆರೆಯಿತು. ಭಾರತದ ಚರ್ಚು ಮೇಲ್ಜಾತಿಯ ಕಣ್ಣಿನಿಂದ ದೇವರನ್ನು ನೋಡಿದ್ದು ಸಾಕು ಎಂಬುದು ಅದರ ಒಳದನಿ. ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೂಡ ಕರಿಯರ ಹಕ್ಕಿಗೆ ದೇವರ ಸ್ವರೂಪದ ಮಾತನ್ನೇ ಆಧಾರ ಮಾಡಿಕೊಂಡರು.

ಇನ್ನೊಂದು ಕಾರಣ ತೀರಾ ಸರಳ. ಆಸ್ಪತ್ರೆ ದೂರ, ದುಡ್ಡು ಇಲ್ಲ, ಡಾಕ್ಟರು ಮುಖ ಎತ್ತಿ ಮಾತಾಡುವುದಿಲ್ಲ. ಪ್ರಾರ್ಥನಾ ಕೂಟದಲ್ಲಿ ತಲೆ ಮೇಲೆ ಕೈಯಿಟ್ಟು ಹೆಸರು ಹಿಡಿದು ಕರೆಯುತ್ತಾರೆ. ರೋಗಿಗೆ ಅಷ್ಟೂ ಬೇರೆಲ್ಲೂ ಸಿಕ್ಕಿರುವುದಿಲ್ಲ.

ದಾರಿ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಎಲ್ಲರಿಗೂ ಕೊಟ್ಟ ಸ್ವರೂಪ ಮೆಲ್ಲಗೆ ಕೆಲವರ 'ಅಭಿಷೇಕ' ಆಗುತ್ತದೆ. ಅಧಿಕಾರ ವಿಶ್ವಾಸಿಗೆ ಇದೆ ಎಂದು ಶುರುವಾದದ್ದು, ಅದು ಪಾಸ್ಟರ್ ಕೈ ಇಟ್ಟರೆ ಬರುತ್ತದೆ ಎಂದಾಗುತ್ತದೆ. ಆಮೇಲೆ ಅವರು ಕೊಟ್ಟ ಎಣ್ಣೆಯಲ್ಲಿ ಇದೆ, ಅವರಿಗೆ ಕೊಟ್ಟ ಕಾಣಿಕೆಯಿಂದ ಬರುತ್ತದೆ ಎಂದಾಗುತ್ತದೆ. ಸಿಂಹಾಸನದಿಂದ ಇಳಿಸಿದ ಬಿರುದನ್ನು ಮತ್ತೆ ಸಿಂಹಾಸನಕ್ಕೆ ಹತ್ತಿಸಿದ ಹಾಗಾಯಿತು. ಆದಿಕಾಂಡದ ಆ ಸಾಲನ್ನು ಮತ್ತೊಮ್ಮೆ ಓದಿ. ಮೀನು ಇದೆ, ಹಕ್ಕಿ ಇದೆ, ದನಕರು ಇದೆ. ಮನುಷ್ಯನ ಮೇಲೆ ಮನುಷ್ಯನ ದೊರೆತನ ಆ ಪಟ್ಟಿಯಲ್ಲಿ ಇಲ್ಲ. ಮೀನು ಹಕ್ಕಿಗಳ ಮೇಲಿನದೂ ದೋಚುವ ಪರವಾನಗಿ ಅಲ್ಲ ಎಂದು ಪೋಪ್ ಫ್ರಾನ್ಸಿಸ್ 2015ರಲ್ಲಿ ಪರಿಸರದ ಬಗ್ಗೆ ಬರೆದ ಪತ್ರದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

ವಾಸಿಯಾಗದಿದ್ದಾಗ

ಎರಡು ಬೋಧನೆಗಳ ನಿಜವಾದ ವ್ಯತ್ಯಾಸ ರೋಗ ವಾಸಿಯಾದಾಗ ಕಾಣುವುದಿಲ್ಲ. ವಾಸಿಯಾಗದಿದ್ದಾಗ ಕಾಣುತ್ತದೆ.

ಬೇಡಿಕೊಂಡವರಿಗೆ ಅಳುವುದಕ್ಕೆ ಜಾಗ ಇದೆ. ಯಾಕೆ ಕರ್ತನೇ ಎಂದು ಕೇಳಬಹುದು. ಕೀರ್ತನೆಗಳ ಪುಸ್ತಕದ ತುಂಬ ಅಂಥ ಪ್ರಶ್ನೆಗಳೇ. ಆಜ್ಞಾಪಿಸಿದವರಿಗೆ ಆ ಜಾಗ ಉಳಿದಿಲ್ಲ. ದೇವರು ಕೊಟ್ಟಾಗಿದೆ, ಅಧಿಕಾರ ಇದೆ, ಆಜ್ಞೆಯೂ ಆಗಿದೆ. ಆದರೂ ರೋಗ ಹೋಗಿಲ್ಲ. ಹಾಗಾದರೆ ತಪ್ಪು ಯಾರದು? ತರ್ಕ ಬೆರಳು ತೋರಿಸುವುದು ಹಾಸಿಗೆಯಲ್ಲಿ ಮಲಗಿದವನ ಕಡೆಗೆ. ನಿನಗೆ ವಿಶ್ವಾಸ ಸಾಲದು, ನಿನ್ನ ಮನೆಯಲ್ಲಿ ಏನೋ ಪಾಪ ಇದೆ, ಬಾಯಲ್ಲಿ ಅಪಶಕುನದ ಮಾತಾಡಿದ್ದೀ. ಕಾಯಿಲೆಯ ಜೊತೆಗೆ ಈಗ ಅಪರಾಧಿ ಭಾವವೂ ಸೇರಿತು.

ಇನ್ನೂ ಅಪಾಯದ್ದು ಮಾತ್ರೆಯ ವಿಷಯ. ವಾಸಿಯಾಗಿದೆ ಎಂದು ಬಾಯಲ್ಲಿ ಘೋಷಿಸಿದ ಮೇಲೆ ಮಾತ್ರೆ ನುಂಗುವುದು ಅವಿಶ್ವಾಸದ ಲಕ್ಷಣ ಆಗಿಬಿಡುತ್ತದೆ. ಸಕ್ಕರೆ ಕಾಯಿಲೆಯ ಇನ್ಸುಲಿನ್, ಮೂರ್ಛೆ ರೋಗದ ಗುಳಿಗೆ, ಕ್ಷಯದ ಆರು ತಿಂಗಳ ಕೋರ್ಸ್ ಇವನ್ನು ನಡುವೆ ನಿಲ್ಲಿಸಿದರೆ ಏನಾಗುತ್ತದೆ ಎಂದು ಯಾವ ನರ್ಸ್ ಬೇಕಾದರೂ ಹೇಳುತ್ತಾರೆ. ಅಂಗವಿಕಲರ ಪಾಡು ಬೇರೆ. ಸಭೆಗೆ ಬಂದಾಗಲೆಲ್ಲ ಅವರನ್ನು ಮುಂದೆ ಕರೆದು 'ಎದ್ದು ನಡೆ' ಎಂದರೆ, ಅವರು ಹೇಗಿದ್ದಾರೋ ಹಾಗೆ ದೇವರ ಸ್ವರೂಪ ಅಲ್ಲ ಎಂದು ಹೇಳಿದ ಹಾಗೇ ಅಲ್ವಾ? ಆದಿಕಾಂಡ 9ರಲ್ಲಿ, ಪಾಪ ಬಂದ ಮೇಲೂ, ಜಲಪ್ರಳಯ ಮುಗಿದ ಮೇಲೂ ಮನುಷ್ಯ ದೇವರ ಸ್ವರೂಪವೇ. ಅದಕ್ಕೇ ಅವನ ರಕ್ತ ಸುರಿಸಬಾರದು. ಯಾಕೋಬನ ಪತ್ರದ ಪ್ರಕಾರ ದೇವರ ಹೋಲಿಕೆಗೆ ಹುಟ್ಟಿದ ಯಾರನ್ನೂ ಶಪಿಸಬಾರದು. ಅವನು ವಿಶ್ವಾಸಿಯೋ ಅಲ್ಲವೋ, ಗಟ್ಟಿಮುಟ್ಟೋ ಅಲ್ಲವೋ ಎಂಬ ಷರತ್ತು ಅಲ್ಲಿಲ್ಲ.

ಕಾನೂನು ಗೆರೆ ಎಳೆಯುವುದು ಎಲ್ಲಿ?

ಸಂವಿಧಾನದ 25ನೇ ವಿಧಿ ಧರ್ಮದ ಸ್ವಾತಂತ್ರ್ಯ ಕೊಡುವಾಗಲೇ ಸಾರ್ವಜನಿಕ ಆರೋಗ್ಯದ ಮಿತಿ ಹಾಕಿದೆ. ಕೆಲವು ರೋಗಗಳಿಗೆ ಮಂತ್ರ, ತಾಯಿತದ ಮದ್ದು ಇದೆ ಎಂದು ಜಾಹೀರಾತು ಕೊಡುವುದಕ್ಕೆ 1954ರ ಕೇಂದ್ರ ಕಾಯ್ದೆಯಲ್ಲೇ ನಿಷೇಧ ಇದೆ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಅದು ಕೃತ್ಯಗಳನ್ನು ಹೆಸರಿಸಿ ಪಟ್ಟಿ ಮಾಡುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಅಪರಾಧ. ಹಾವು, ಚೇಳು, ನಾಯಿ ಕಚ್ಚಿದಾಗ ಆಸ್ಪತ್ರೆಗೆ ಹೋಗದಂತೆ ತಡೆಯುವುದು ಅಪರಾಧ. ಗುಡಿ, ಮಸೀದಿ, ಚರ್ಚಿನಲ್ಲಿ ಯಾರ ಮೈಗೂ ಪೆಟ್ಟಾಗದ ಪ್ರಾರ್ಥನೆಯನ್ನು ಅದು ಹೊರಗಿಡುತ್ತದೆ. ಅಂದರೆ ಯಾವ ದೇವರ ಹೆಸರು ಹೇಳಿದರು ಎಂದು ನೋಡುವುದಿಲ್ಲ, ರೋಗಿಗೆ ಏನು ಮಾಡಿದರು ಎಂದು ನೋಡುತ್ತದೆ.

ಅಸ್ಸಾಂನದು ಬೇರೆ ರೀತಿ. 'ಮಾಂತ್ರಿಕ ಚಿಕಿತ್ಸೆ' ಎಂಬ ಅಗಲವಾದ ಪದ, 'ಜನರನ್ನು ಸುಲಿಯುವ ದುರುದ್ದೇಶ' ಎಂಬ ಮನಸ್ಸಿನೊಳಗಿನ ಅಳತೆ. ಜೊತೆಗೆ ಒಂದು ಧರ್ಮದ ಪ್ರಚಾರವೇ ಗುರಿ ಎಂಬ ಮುಖ್ಯಮಂತ್ರಿಯ ಮಾತು. ಇವು ಮೂರೂ ಕೂಡಿದರೆ ಪರಿಣಾಮ ಊಹಿಸಬಹುದು. ದೊಡ್ಡ ಮೈದಾನದಲ್ಲಿ ಕೂಟ ನಡೆಸುವವರ ಹತ್ತಿರ ವಕೀಲರಿದ್ದಾರೆ. ಪೊಲೀಸರ ಮುಂದೆ ನಿಲ್ಲಬೇಕಾಗುವುದು ಜಾಸ್ತಿ ಪಾಲು ಹಳ್ಳಿಯ ಬ್ಯಾಪ್ಟಿಸ್ಟ್ ಸಭೆಯ ಹಿರಿಯ. ಅವನು ಜ್ವರದ ಮಗುವಿನ ತಲೆ ಮೇಲೆ ಕೈಯಿಟ್ಟು, ಯಾಕೋಬನ ಪತ್ರದಲ್ಲಿ ಹೇಳಿದ ಹಾಗೆ, ಬೇಡಿಕೊಂಡಿರುತ್ತಾನೆ ಅಷ್ಟೇ. ಹಾಗಾದಾಗ ಚರ್ಚುಗಳ ಒಳಗಿನ ಟೀಕೆಗೂ ಬಾಯಿ ಕಟ್ಟಿದ ಹಾಗಾಗುತ್ತದೆ. ಹೊರಗಿನಿಂದ ಏಟು ಬೀಳುವಾಗ ಒಳಗಿನ ತಪ್ಪನ್ನು ಎತ್ತಿ ಹೇಳುವವನನ್ನು ದ್ರೋಹಿ ಎನ್ನುತ್ತಾರೆ.

ಹಾಗಾಗಿ ಇಂಥ ಕೇಸು ಯಾವ ಕೋರ್ಟಿಗೆ ಬಂದರೂ ಕೇಳಬೇಕಾದ ಪ್ರಶ್ನೆಗಳು ಮೂರೇ. ಕೂಟಕ್ಕೆ ಬಂದ ರೋಗಿಗೆ ಮಾತ್ರೆ ನಿಲ್ಲಿಸು ಎಂದರೇ? ವಾಸಿ ಮಾಡಲು ದುಡ್ಡು ಕೇಳಿದರೇ? ಮೈ ಮುಟ್ಟಿ ನೋಯಿಸಿದರೇ? ಮೂರಕ್ಕೂ ಇಲ್ಲ ಎಂದಾದರೆ ಉಳಿದದ್ದು ದೇವಶಾಸ್ತ್ರದ ಜಗಳ. ಅದನ್ನು ಸಭೆಯೇ ತನ್ನೊಳಗೆ ಬಗೆಹರಿಸಿಕೊಳ್ಳಬೇಕು, ಪೊಲೀಸ್ ಸ್ಟೇಷನ್‌ನಲ್ಲಿ ಅಲ್ಲ. ಸಭೆಯ ಕೈಯಲ್ಲಿ ಅದಕ್ಕೆ ಬೇಕಾದ ದಾಖಲೆಯೂ ಇದೆ. ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಪೌಲ ತನ್ನ ಜೊತೆಗಾರ ತ್ರೊಫಿಮನ ಸುದ್ದಿ ಹೇಳುತ್ತಾನೆ. ಅವನಿಗೆ ಮೈ ಹುಷಾರಿಲ್ಲದ್ದರಿಂದ ಮಿಲೇತದಲ್ಲಿ ಬಿಟ್ಟು ಬಂದೆ ಎನ್ನುತ್ತಾನೆ. ಅಷ್ಟೇ ಬರೆಯುತ್ತಾನೆ. ಅವನ ವಿಶ್ವಾಸ ಎಷ್ಟಿತ್ತು ಎಂಬ ಮಾತೇ ಅಲ್ಲಿ ಬರುವುದಿಲ್ಲ.